ಹೀಟರಿಗೆ ನೆನಪಿದ್ದದ್ದು ಒಂಬತ್ತು

ಪ್ರಭಾ ಆಂಟಿಯ ಕೈಚೀಲದಲ್ಲಿ ಮೂರು ವಸ್ತುಗಳು ಯಾವಾಗಲೂ ಇರುತ್ತಿದ್ದವು. ಹರಳೆಣ್ಣೆಯ ಶೀಶೆ, ಒಗೆದೊಗೆದು ಮೆತ್ತಗಾದ ಹಳೇ ಪಂಚೆಯ ತುಂಡು, ನೂರು ಪುಟದ ಒಂದು ನೋಟ್‌ಬುಕ್. ಎಣ್ಣೆ ಕೂಸಿನ ಮೈಗೆ, ಪಂಚೆ ಕೂಸನ್ನು ಒರೆಸುವುದಕ್ಕೆ. ನೋಟ್‌ಬುಕ್ ಮಾತ್ರ ಹೀಟರಿಗೆ.

ಸಿಂಗಪುರದಲ್ಲಿ ಗುರುತಿನ ಕನ್ನಡದವರ ಮನೆಗಳಲ್ಲಿ ಹೆರಿಗೆಯಾದರೆ ಬಾಣಂತಿಗೂ ಕೂಸಿಗೂ ನೀರೆರೆಯಲು ಬರುತ್ತಿದ್ದವರು ಅವರೇ. ಐವತ್ತೇಳು ವರ್ಷ, ಗಿಡ್ಡ ಆಳು, ಬಿಸಿನೀರಿನಲ್ಲಿ ನೆಂದು ನೆಂದು ಕೆಂಪಗಾದ ಬೆರಳುಗಳು. ಗಂಡ ಕೇಶವ ಕಾರ್ಖಾನೆಯೊಂದರಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ಹಿಡಿದು ಮೈಸೂರು ಬಿಟ್ಟಾಗ ಜೊತೆಗೆ ಬಂದವರು. ಜುರಾಂಗ್ ವೆಸ್ಟಿನ ಅದೇ ಫ್ಲ್ಯಾಟಿನಲ್ಲಿ ಇಪ್ಪತ್ತಾರು ವರ್ಷ ಕಳೆದಿತ್ತು. ಮೈಸೂರಿನಲ್ಲಿ ಅವರ ತಾಯಿ ಬೀದಿಯ ಕೂಸುಗಳಿಗೆಲ್ಲ ಎರೆದವರು. ಮಣೆಯ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಒಂದು ಕೈಯಲ್ಲಿ ಕತ್ತು ಆನಿಸಿ ಇನ್ನೊಂದು ಕೈಯಲ್ಲಿ ಚೊಂಬು ಬಗ್ಗಿಸುವ ಆ ಹದವನ್ನು ಆಂಟಿಗೆ ಯಾರೂ ಹೇಳಿಕೊಟ್ಟದ್ದಲ್ಲ, ನೋಡಿ ನೋಡಿ ಬಂದದ್ದು.

ತಾಯಿಯ ಕಾಲದ ಹಂಡೆಗೆ ಮುಚ್ಚುಮರೆ ಇರಲಿಲ್ಲ. ಉರಿ ಜೋರಾದರೆ ಕಾಣುತ್ತಿತ್ತು, ಸೌದೆ ಹಸಿಯಿದ್ದರೆ ಕಣ್ಣು ಉರಿಯುತ್ತಿತ್ತು, ಹೊಗೆ ಸುತ್ತಿಕೊಂಡರೆ ಅಮ್ಮ ಬೈದುಕೊಂಡೇ ಬಚ್ಚಲಿನ ಗೂಡು ಕಿಟಕಿ ತೆಗೆಯುತ್ತಿದ್ದರು. ಇಲ್ಲಿಯದು ಹಾಗಲ್ಲ. ಒಂದು ಮನೆಯಲ್ಲಿ ನೀರು ಕಾಯಿಸುವ ಟ್ಯಾಂಕು ಬಚ್ಚಲ ಸೂರಿನೊಳಗೆ ಅಡಗಿರುತ್ತದೆ, ಹೊರಗೆ ಕಾಣುವುದು ಒಂದು ಕೆಂಪು ದೀಪ. ಇನ್ನೊಂದು ಮನೆಯಲ್ಲಿ ಷವರಿನ ಪಕ್ಕ ಬಿಳಿ ಡಬ್ಬ. ಮತ್ತೊಂದರಲ್ಲಿ ಅಡುಗೆಮನೆಯ ಹಿಂದಿನ ಒಗೆಯುವ ಜಾಗದಲ್ಲಿ ಗ್ಯಾಸ್ ಹೀಟರು, ಗೋಡೆಯ ಮೇಲೆ ಅಂಗೈಯಗಲದ ಪರದೆ, ಪರದೆಯ ಮೇಲೆ ಉರಿಯ ಚಿತ್ರ, ಫ್ಯಾನಿನ ಚಿತ್ರ, ಅಂಕಿಗಳು. ಮಿಣುಕುವ ದೀಪ ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಎಂಬುದು ಮನೆಯಿಂದ ಮನೆಗೆ ಬೇರೆ.

ಮೊದಮೊದಲು ಆಂಟಿ ಕೇಳುತ್ತಿದ್ದರು. ಅನುಷ್ಕಾ ಎಂಬ ಹುಡುಗಿಯ ಮನೆಯಲ್ಲಿ ಒಂದೇ ಬೆಳಗ್ಗೆ ಮೂರು ಸಲ ಅವಳ ಕೋಣೆಯ ಬಾಗಿಲು ತಟ್ಟಿದ್ದರು, ಕೆಂಪು ದೀಪ ಯಾಕೆ ಆರಲಿಲ್ಲ ಎಂದು. ಅನುಷ್ಕಾ ಕಿವಿಗೆ ಹಾಕಿಕೊಂಡದ್ದನ್ನು ತೆಗೆದು, ನಗುತ್ತಲೇ ಅಂದಳು: “ಆಂಟಿ, ಪ್ಲೀಸ್, ಎಲ್ಲದಕ್ಕೂ ಕರೀಬೇಡಿ. ಕಾಲ್‌ನಲ್ಲಿ ಎಲ್ರಿಗೂ ಕೇಳ್ಸತ್ತೆ.” ನಕ್ಕೇ ಅಂದದ್ದು. ಆದರೂ ಆವತ್ತು ರೈಲಿನಲ್ಲಿ ಮನೆಗೆ ಹೋಗುವಾಗ ಆ ಮಾತು ಒದ್ದೆ ಸೆರಗಿನಂತೆ ಮೈಗಂಟಿಕೊಂಡೇ ಇತ್ತು. ಮರುದಿನವೇ ನೋಟ್‌ಬುಕ್ ಕೊಂಡರು. ಆಂಟಿ ಓದಿದ್ದು ಎಸ್ಸೆಲ್ಸಿವರೆಗೆ, ಕನ್ನಡದಲ್ಲಿ. ಮಾರ್ಕೆಟ್ಟಿನಲ್ಲಿ ಇಂಗ್ಲಿಷ್ ಮಾತಾಡಬಲ್ಲರು, ಮೀನಂಗಡಿಯ ಮುದುಕನ ಹತ್ತಿರ ನಾಲ್ಕು ಮಾತು ಮಲಯ್ ಕೂಡ; ಆದರೆ ಹೀಟರಿನ ಜೊತೆ ಬರುವ ಇರುವೆಯಕ್ಷರದ ಪುಸ್ತಕ ಅವರ ಅಳವಿನದಲ್ಲ. ಹಾಗಾಗಿ ತಮ್ಮದೇ ಪುಸ್ತಕ ಬರೆದುಕೊಂಡರು, ಮನೆಗೊಂದು ಪುಟ.

‘ಅನುಷ್ಕಾ ಮನೆ. ಸ್ವಿಚ್ಚು ಬಚ್ಚಲ ಹೊರಗೆ. ಇಪ್ಪತ್ತು ನಿಮಿಷ ಮುಂಚೆ ಹಾಕು. ಕೆಂಪು ದೀಪ ಇರುವುದೇ ಸರಿ, ಹೆದರಬೇಡ.’

‘ಮೀರಾ ಮನೆ. ಗ್ಯಾಸು. ಉರಿಯ ಚಿತ್ರ ಬಂದರೆ ಕಾಯುತ್ತಿದೆ. 11 ಮಿಣುಕಿದರೆ ಉರಿ ಹತ್ತಿಲ್ಲ. ಆರಿಸಿ ಮತ್ತೆ ಹಾಕು. ಸರಿ.’

ಮೀರಾ ತನ್ನ ಗೆಳತಿಯರಿಗೆಲ್ಲ ಹೇಳಿಕೊಂಡು ಬಂದಳು, “ನಮ್ಮ ಆಂಟಿಗೆ ಹೀಟರ್ ಭಾಷೆ ಬರತ್ತೆ” ಎಂದು. ಹಾಗೆ ಹೇಳಿಸಿಕೊಂಡ ಮೇಲೆ ಕೇಳುವುದು ಇನ್ನೂ ಕಷ್ಟವಾಯಿತು.

ಸೆಂಗ್‌ಕಾಂಗ್‌ನ ಸ್ಪಂದನಾಗೆ ಆಂಟಿಯ ನಂಬರು ಕೊಟ್ಟವಳೂ ಮೀರಾನೇ. ಸ್ಪಂದನಾ ಮತ್ತು ಅವಳ ಗಂಡ ನವನೀತ್ ಇಬ್ಬರೂ ಸಾಫ್ಟ್‌ವೇರಿನವರು. ಮೊದಲನೇ ಮಗು, ಹೆಣ್ಣು, ಹೆಸರಿಡುವುದು ಇನ್ನೂ ಬಾಕಿ. ಎಲ್ಲರ ಬಾಯಲ್ಲಿ ಪಾಪು. ಸ್ಪಂದನಾಳ ತಾಯಿಗೆ ಮಂಡಿಯ ಆಪರೇಷನ್ ಆಗಿ ಬರಲಾಗದೆ, ಬಾಣಂತನಕ್ಕೆ ಮೈಸೂರಿನಿಂದ ಅತ್ತೆ ಸರಳಾ ಬಂದಿದ್ದರು. ತವರಿನವರಿಗಿಂತ ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡಿದೆ ಅನ್ನಿಸಬಾರದೆಂದು ಸರಳಾ ಮೆಣಸಿನಸಾರು, ಅಂಟಿನುಂಡೆ, ವೀಳ್ಯದೆಲೆ ಎಲ್ಲವನ್ನೂ ಗಡಿಯಾರ ನೋಡಿ ಕೊಡುತ್ತಿದ್ದರು. ಮಾತು ಒರಟು, ಕೈ ಮೃದು.

“ನಿಮ್ಮೂರು ಯಾವುದು ಪ್ರಭಾ?” ಮೊದಲ ದಿನವೇ ಕೇಳಿದರು.

“ಮೈಸೂರೇ. ನಜರ್‌ಬಾದ್.”

“ಅಯ್ಯೋ, ಹಾಗಾದ್ರೆ ನಿಮಗೆ ನಾನೇನೂ ಹೇಳಿಕೊಡೋ ಹಾಗಿಲ್ಲ ಬಿಡಿ,” ಎಂದು ಮುಂದೆ ಮುಕ್ಕಾಲು ಗಂಟೆ ಹೇಳಿಕೊಟ್ಟರು.

ಎರೆಯುವುದು ಅಡುಗೆಮನೆಗೆ ಅಂಟಿದ ಬಚ್ಚಲಲ್ಲಿ. ಅಲ್ಲಿ ನೀರು ಬೇಗ ಬಿಸಿಯಾಗಿ ಬರುತ್ತಿತ್ತು, ಗ್ಯಾಸ್ ಹೀಟರು ಬಾಗಿಲ ಹೊರಗಿನ ಒಗೆಯುವ ಜಾಗದಲ್ಲೇ ಇತ್ತಲ್ಲ. ಮೊದಲ ವಾರ ಎಲ್ಲ ಸಲೀಸು. ಆಮೇಲೆ ಡಿಸೆಂಬರಿನ ಮಳೆ ಹಿಡಿಯಿತು. ಹನ್ನೆರಡನೇ ಮಹಡಿಗೆ ಒಗೆಯುವ ಜಾಗದ ಕಿಟಕಿಯಿಂದ ಎರಚಲು ನೇರ ಒಳಗೆ.

“ಆ ಕಿಟಕಿ ಮುಚ್ಚಿಬಿಡಿ ಪ್ರಭಾ,” ಎಂದರು ಸರಳಾ. “ಎರೆದ ಮೈಗೆ ಥಂಡಿ ಗಾಳಿ ತಗುಲಿದ್ರೆ ನಾಳೆ ಸೊಂಟ ನೋವು ಅಂತ ನನ್ನ ಸೊಸೆ ನನಗೇ ಹೇಳ್ತಾಳೆ.”

ಆಂಟಿ ಕಿಟಕಿ ಮುಚ್ಚಿದರು. ಆದರೂ ಎಲ್ಲಿಂದಲೋ ಸಣ್ಣಗೆ ಸಿಳ್ಳೆ ಹೊಡೆದಂತೆ ಗಾಳಿ. ನೋಡಿದರೆ ಕಿಟಕಿಯ ಮೇಲೆ, ಸೂರಿನ ಹತ್ತಿರ, ಮುಚ್ಚಲಾಗದ ಒಂದು ಜಾಲರಿ. ಇದೇನು, ಮನೆ ಕಟ್ಟಿದವರು ತೂತು ಬಿಟ್ಟು ಹೋಗಿದ್ದಾರೆ ಎಂದುಕೊಂಡರು. ಮಾಡಿದರೆ ಪೂರ್ತಿ ಮಾಡಬೇಕು ಎನ್ನುವುದು ಅವರ ಸ್ವಭಾವ. ಮರುದಿನ ಬರುವಾಗ ದಪ್ಪ ಪ್ಲಾಸ್ಟಿಕ್ ಹಾಳೆಯನ್ನೂ ಕಂದು ಟೇಪನ್ನೂ ತಂದು, ಸ್ಟೂಲು ಹತ್ತಿ, ನಾಲ್ಕೂ ಅಂಚಿಗೆ ಎರಡೆರಡು ಸುತ್ತು ಟೇಪು ಒತ್ತಿ ಒತ್ತಿ ಹಚ್ಚಿದರು. ಸಿಳ್ಳೆ ನಿಂತಿತು. ಸರಳಾ ಆಗ ಒಳಗೆ ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದರು. ನೋಡಲಿಲ್ಲ, ಕೇಳಲೂ ಇಲ್ಲ.

ಪರದೆಯ ಮೇಲೆ 10 ಎಂಬ ಅಂಕಿ ಮೊದಲ ಸಲ ಮಿಣುಕಿದ್ದು ಅದಾದ ಎರಡನೇ ದಿನ. ಉರಿಯ ಚಿತ್ರ ಹೋಗಿ, ಫ್ಯಾನಿನ ಚಿತ್ರದ ಪಕ್ಕ ಒಂದು ಸ್ಪ್ಯಾನರಿನ ಚಿತ್ರ ಬಂದಿತ್ತು. ನಲ್ಲಿಯಲ್ಲಿ ನೀರು ತಣ್ಣಗಾಯಿತು. ಒಳಗೆ ಸ್ಪಂದನಾ ತಲೆಗೆ ಸೀಗೆ ಹಚ್ಚಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. “ಆಂಟಿ, ನೀರು?” ಎಂದಳು.

“ಬಂತು ಪುಟ್ಟ, ಒಂದೇ ನಿಮಿಷ.”

ಅಡುಗೆಮನೆಯ ಡ್ರಾಯರಿನಲ್ಲಿ ಹೀಟರಿನ ಪುಸ್ತಕ ಇತ್ತು. ತೆಗೆದು ಎರಡು ಹಾಳೆ ತಿರುವಿ, ಸರಳಾ ನೋಡುತ್ತಿದ್ದಾರೆಂದು ಓದಿದವರಂತೆ ತಲೆಯಾಡಿಸಿ ಇಟ್ಟರು. ನವನೀತ್ ಕೋಣೆಯಲ್ಲಿ ಕಾಲ್‌ನಲ್ಲಿದ್ದ. ಹನ್ನೊಂದಕ್ಕೆ ಆದದ್ದು ಹತ್ತಕ್ಕೆ ಆಗದೇ ಏನು ಎಂದುಕೊಂಡು ಬಟನ್ನು ಒತ್ತಿ ಆರಿಸಿ, ಮೂರು ಎಣಿಸಿ, ಮತ್ತೆ ಹಾಕಿದರು. ಉರಿಯ ಚಿತ್ರ ಬಂತು. ಆವತ್ತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ‘ಸ್ಪಂದನಾ ಮನೆ. 10 ಮಿಣುಕಿದರೆ ಆರಿಸಿ ಮತ್ತೆ ಹಾಕು. ಸರಿ.’

ಹಿಂದೊಮ್ಮೆ ಒಬ್ಬರ ಮನೆಯಲ್ಲಿ ಸಾಂಬ್ರಾಣಿ ಹೊಗೆ ಹಾಕಿದಾಗ ಸೂರಿನ ಅಲಾರಂ ಕಿವಿ ಹರಿಯುವಂತೆ ಕಿರುಚಿ, ಪಕ್ಕದ ಮನೆಯವರು ಓಡಿ ಬಂದಿದ್ದರು. ಅಂದಿನಿಂದ ಆಂಟಿ ಸಾಂಬ್ರಾಣಿಯನ್ನೇ ಬಿಟ್ಟಿದ್ದರು. ಈ ಹತ್ತು ಕಿರುಚಲಿಲ್ಲ. ಸುಮ್ಮನೆ ಮಿಣುಕುತ್ತಿತ್ತು. ದಿನ ಬಿಟ್ಟು ದಿನ ಬಂದದ್ದು ಆಮೇಲೆ ದಿನವೂ, ಒಂದು ದಿನ ಎರಡು ಸಲ. ಒತ್ತಿದರೆ ಹೋಗುತ್ತಿತ್ತು.

ಅದೇ ದಿನಗಳಲ್ಲಿ ಸ್ಪಂದನಾಗೆ ತಲೆನೋವು ಶುರುವಾದದ್ದು. ಎರೆದುಕೊಂಡು ಎದ್ದರೆ ಕಣ್ಣು ಕತ್ತಲೆ, ವಾಕರಿಕೆ, ಕೈಕಾಲು ತನ್ನದಲ್ಲವೇನೋ ಅನ್ನುವಷ್ಟು ಸೋಲು. ಮಧ್ಯಾಹ್ನದ ಹೊತ್ತಿಗೆ ತಿಳಿಯಾಗುತ್ತಿತ್ತು. ಆಂಟಿಗೂ ತಲೆ ಭಾರವಾಗುತ್ತಿತ್ತು. ವಯಸ್ಸಾಯಿತು, ಇಷ್ಟು ದೂರದ ರೈಲು ಬೇರೆ ಎಂದು ಹಣೆಗೆ ಬಾಮ್ ತಿಕ್ಕಿಕೊಂಡು ಹೊರಟರೆ ಜುರಾಂಗ್ ಬರುವಷ್ಟರಲ್ಲಿ ಹಗುರಾಗುತ್ತಿತ್ತು.

ಒಂದು ಬೆಳಗ್ಗೆ ತಲೆಗೆ ಟವೆಲು ಸುತ್ತುತ್ತಿದ್ದಾಗ ಸ್ಪಂದನಾ ತಗ್ಗಿದ ದನಿಯಲ್ಲಿ ಹೇಳಿದಳು: “ಆಂಟಿ, ಅತ್ತೆಗೆ ಹೇಳಬೇಡಿ. ನನಗೆ ಪಾಪುನ ಎತ್ಕೊಳ್ಳೋಕೇ ಭಯ ಆಗತ್ತೆ. ಕೈ ಹಿಡಿತಾನೇ ಇಲ್ಲ, ಎಲ್ಲಿ ಬೀಳಿಸಿಬಿಡ್ತೀನೋ ಅಂತ. ಬೇರೆಯವರೆಲ್ಲ ಹೀಗೇ ಇರ್ತಾರಾ?”

“ಎಲ್ಲಾರಿಗೂ ಆಗತ್ತೆ ಪುಟ್ಟ. ಅದೆಲ್ಲ ಮನಸ್ಸು. ನೀನು ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋಬೇಕು.”

“ಗಟ್ಟಿ ಆಗ್ತಿಲ್ಲ ಆಂಟಿ.”

“ಆಗತ್ತೆ. ನಾನು ಎಷ್ಟು ಬಾಣಂತೀರನ್ನ ನೋಡಿದೀನಿ.”

ಹೀಗೆ ಹೇಳುವಾಗ ಬಾಗಿಲಾಚೆ 10 ಮಿಣುಕುತ್ತಿತ್ತು. ಆಂಟಿ ಎದ್ದು ಹೋಗಿ ಒತ್ತಿ ಬಂದರು.

ಹೆರಿಗೆಯಾದ ಮೂವತ್ತನಾಲ್ಕನೇ ದಿನ ಶನಿವಾರ. ಪಾಪುವಿಗೆ ಎರೆದು ಸುತ್ತಿ ನವನೀತನ ಕೈಗೆ ಕೊಟ್ಟಾಗಿತ್ತು. ಸ್ಪಂದನಾಗೆ ಎರೆಯುವಾಗ ಮೂರನೇ ಚೊಂಬಿಗೆ ಅವಳು ಹಾಗೇ ಪಕ್ಕಕ್ಕೆ ವಾಲಿ ಗೋಡೆಗೊರಗಿದಳು. ಕರೆದರೆ ಹೂಂಗುಟ್ಟಲಿಲ್ಲ. ಆಂಟಿ ಅವಳನ್ನು ಕಂಕುಳಿಗೆ ಕೈ ಕೊಟ್ಟು ಎಳೆದು ಅಡುಗೆಮನೆಗೆ, ಅಲ್ಲಿಂದ ಹಾಲಿಗೆ ತಂದರು. ಆ ಗಿಡ್ಡ ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಬಾಲ್ಕನಿಯ ಗಾಳಿಗೆ ಅವಳು ಕಣ್ಣು ಬಿಟ್ಟಳು. ನವನೀತ್ ಟ್ಯಾಕ್ಸಿ ಕರೆಸಿ ಹೆಂಡತಿಯನ್ನೂ ಮಗುವನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದ.

ಒಂದು ಗಂಟೆಯಲ್ಲಿ ಅವನ ಫೋನು ಬಂತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಮನೆಯಲ್ಲಿ ಗ್ಯಾಸ್ ಹೀಟರ್ ಇದೆಯೇ ಎಂದಂತೆ. “ಅಮ್ಮ, ಗ್ಯಾಸ್ ಆಫ್ ಮಾಡಿ, ಕಿಟಕಿ ಬಾಗಿಲು ಎಲ್ಲ ತೆಗೆದುಬಿಟ್ಟು ಇಬ್ರೂ ಕೆಳಗೆ ವಾಯ್ಡ್ ಡೆಕ್ಕಿಗೆ ಹೋಗಿ ಕೂತ್ಕೊಳಿ. ತಲೆ ನೋವಿದ್ರೆ ಇಲ್ಲಿಗೇ ಬನ್ನಿ. ಹೀಟರ್ ಮುಟ್ಟಬೇಡಿ.”

ಕಟ್ಟಡದ ಕೆಳಗಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ತಲೆನೋವಿಲ್ಲ ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡರು. ಸರಳಾರ ಕೈಯಲ್ಲಿ ಇನ್ನೂ ಸೌಟು ಇತ್ತು.

“ಕಿಟಕಿ ಮುಚ್ಚು ಅಂದಿದ್ದು ನಾನು,” ಎಂದರು ಅವರು. ಸೌಟನ್ನು ಮಡಿಲಲ್ಲಿಟ್ಟು ಮತ್ತೆ ಅದನ್ನೇ ಹೇಳಿದರು.

ಆಂಟಿಗೆ ಮೇಲಿನ ಆ ಪ್ಲಾಸ್ಟಿಕ್ ಹಾಳೆ ನೆನಪಾಯಿತು. ಕಿಟಕಿಗಳನ್ನೆಲ್ಲ ತೆಗೆದಿದ್ದರು, ಅದನ್ನು ತೆಗೆದಿರಲಿಲ್ಲ. ನಾಲಿಗೆ ತುದಿಯವರೆಗೆ ಮಾತು ಬಂತು. “ಏನೂ ಆಗಲ್ಲ ಬಿಡಿ ಸರಳಮ್ಮ,” ಎಂದರು.

ನಿಜಕ್ಕೂ ದೊಡ್ಡದೇನೂ ಆಗಲಿಲ್ಲ. ಸ್ಪಂದನಾಳ ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಸ್ವಲ್ಪ ಸೇರಿತ್ತು; ಮಧ್ಯಾಹ್ನವಿಡೀ ಆಮ್ಲಜನಕ ಕೊಟ್ಟು ಮನೆಗೆ ಕಳಿಸಿದರು. ಪಾಪು ಬೇಗ ಬೇಗ ಎರೆಸಿಕೊಂಡು ಹೊರಗೆ ಹೋಗಿಬಿಡುತ್ತಿದ್ದುದರಿಂದ ಅದಕ್ಕೆ ಏನೂ ತಟ್ಟಿರಲಿಲ್ಲ.

ಸಂಜೆ ಐದಕ್ಕೆ ಹೀಟರಿನ ಟೆಕ್ನಿಷಿಯನ್ ಬಂದರು. ನರೆತ ಗಡ್ಡದ ಮಲಯ್ ಮನುಷ್ಯ, ಬಾಗಿಲಲ್ಲೇ ಬೂಟು ಬಿಚ್ಚಿಟ್ಟು ಬಂದರು. ಸೂರಿನತ್ತ ಒಂದು ಸಲ ನೋಡಿದವರೇ ನಾಲಿಗೆ ಕಚ್ಚಿ, ಸ್ಟೂಲು ಎಳೆದುಕೊಂಡು, ಪ್ಲಾಸ್ಟಿಕ್ ಹಾಳೆಯನ್ನು ಪರ್ರನೆ ಕಿತ್ತರು. “ಐಯೋ, ದಿಸ್ ಒನ್ ಕೆನಾಟ್ ಲಾ,” ಎಂದರು, ಇದನ್ನು ಮುಚ್ಚಲೇಬಾರದು ಎಂಬಂತೆ. ಹೀಟರಿನ ಹೊಗೆ ಹೋಗುವುದಕ್ಕೆಂದೇ ಇರುವ ದಾರಿ ಅದು. ಬರೀ ಕಿಟಕಿ ಮುಚ್ಚಿದ್ದರೆ ಇಷ್ಟಾಗುತ್ತಿರಲಿಲ್ಲವಂತೆ. 10 ಎಂದರೆ ಹೊಗೆ ಕಟ್ಟಿಕೊಂಡಿದೆ, ಬಳಸಬೇಡ, ನನ್ನನ್ನು ಕರೆ ಎಂದರ್ಥ. ಆಮೇಲೆ ಪರದೆಯ ಎರಡು ಬಟನ್ನು ಒಟ್ಟಿಗೆ ಒತ್ತಿ ಹಿಡಿದು ಹಳೇ ಅಂಕಿಗಳನ್ನು ಬರಿಸಿದರು. 10, 10, 10. ಹೀಟರು ಕೊನೆಯ ಒಂಬತ್ತು ತೊಂದರೆಗಳನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ, ಒಂಬತ್ತೂ ಹತ್ತೇ. ಒಂಬತ್ತು ಸಲ ಅದು ಬೇಡ ಎಂದಿದೆ, ಒಂಬತ್ತು ಸಲ ಯಾರೋ ಹೂಂ ಅನ್ನಿಸಿದ್ದಾರೆ ಎಂದು ಅವರು ತಲೆಯಾಡಿಸಿದರು.

ಒಂಬತ್ತಲ್ಲ. ಮಗುವಿನ ಬಟ್ಟೆ ಮಡಿಸುತ್ತ ನಿಂತಿದ್ದ ಆಂಟಿ ಮನಸ್ಸಿನಲ್ಲೇ ಎಣಿಸಿದರು. ಹದಿಮೂರು.

“ಯಾರಮ್ಮ ಇದನ್ನೆಲ್ಲ ಮಾಡಿದ್ದು?” ನವನೀತ್ ತಾಯಿಯತ್ತ ತಿರುಗಿದ.

“ಕಿಟಕಿ ಮುಚ್ಚಿಸಿದ್ದು ನಾನೇ ಕಣೋ. ಥಂಡಿ ಅಂತ.”

“ನಿಮ್ಮ ಹಳೇ ಕಾಲದ ಥಂಡಿ ಗಿಂಡಿ ಎಲ್ಲ ಇಲ್ಲಿ ನಡೆಯಲ್ಲ ಅಂತ ಮೊದಲ ದಿನವೇ ಹೇಳಿದ್ದೆ. ಇವಳಿಗೆ ಏನಾದ್ರೂ ಆಗಿದ್ರೆ?”

ಸರಳಾ ಮಗನನ್ನೇ ಒಂದು ಗಳಿಗೆ ನೋಡಿದರು. ಜಾಲರಿಯ ಹಾಳೆ ತಾವು ಹಚ್ಚಿದ್ದಲ್ಲ ಎಂದು ಹೇಳಲಿಲ್ಲ. “ಮಂಗಳವಾರದ ಟಿಕೆಟ್ ಸಿಕ್ಕರೆ ಮಾಡಿಸಿಬಿಡು. ಅವಳ ತಾಯಿಗೂ ಈಗ ಮಂಡಿ ವಾಸಿ,” ಎಂದು ಒಳಗೆ ಹೋದರು. ನವನೀತ್ ಸಿಟ್ಟಿನಲ್ಲೇ ಫೋನು ತೆಗೆದು ಟಿಕೆಟ್ ಬದಲಿಸಿದ.

ಆಂಟಿ ಆಗಲೂ ಬಾಯಿ ಬಿಡಲಿಲ್ಲ. ಬಟ್ಟೆಗಳನ್ನು ಮಡಿಸಿದ್ದನ್ನೇ ಮತ್ತೆ ಮಡಿಸಿ, ಚಪ್ಪಲಿ ಮೆಟ್ಟಿ ಬಂದರು.

ಜುರಾಂಗ್ ವೆಸ್ಟಿನ ಮನೆಯಲ್ಲಿ ಕೇಶವ ಅನ್ನಕ್ಕಿಟ್ಟು ಕಾಯುತ್ತಿದ್ದರು. ಹೆಂಡತಿ ತಟ್ಟೆಯ ಮುಂದೆ ಕೂತು ಕೈಯಿಡದಿದ್ದಾಗ ಕೇಳಿದರು. ಆಂಟಿ ಎಲ್ಲ ಹೇಳಿದರು. ಹೇಳುತ್ತ ಹೇಳುತ್ತ ತಮ್ಮ ಪಾಲನ್ನು ಚಿಕ್ಕದು ಮಾಡುತ್ತಿರುವುದು ಅವರಿಗೇ ಕೇಳಿಸುತ್ತಿತ್ತು.

“ಒತ್ತಿದ್ರೆ ಸರಿ ಹೋಗ್ತಿತ್ತು ರೀ. ನನಗೆ ಹೇಗೆ ಗೊತ್ತಾಗಬೇಕು?”

“ಗೊತ್ತಾಗಲ್ಲ,” ಎಂದರು ಕೇಶವ. “ನಮ್ಮ ಫ್ಯಾಕ್ಟರೀಲೂ ಅಲಾರಂ ಬಂದ್ರೆ ರೀಸೆಟ್ ಒತ್ತೋದು ತಪ್ಪೇನಲ್ಲ. ಯಾರು ಬೇಕಾದ್ರೂ ಒಂದು ಸಲ ಒತ್ತಬಹುದು. ಆದ್ರೆ ಮೆಷಿನ್ ಪಕ್ಕ ಒಂದು ಹಲಗೆ ಇರತ್ತೆ. ಒತ್ತಿದವನು ಹೆಸರು, ಟೈಮು ಬರೀಬೇಕು. ಮುಂದಿನ ಪಾಳಿಯವನು ಬಂದು ನೋಡಿದ್ರೆ ಹಿಂದೆ ಏನಾಗಿದೆ ಅಂತ ತಿಳೀಬೇಕಲ್ಲ. ಒತ್ತಿ, ಬರೀದೆ ಮನೆಗೆ ಹೋದವನ ಕೆಲಸ ಹೋಗತ್ತೆ.”

“ನಾನು ಬರೆದಿದ್ದೆ.”

“ಏನಂತ?”

ಆಂಟಿ ನೋಟ್‌ಬುಕ್ ತೆಗೆದು ಮುಂದಿಟ್ಟರು. ಕೇಶವ ಕನ್ನಡಕ ಏರಿಸಿ ಓದಿದರು. ‘ಸರಿ’ ಎಂಬಲ್ಲಿಗೆ ಬಂದು ನಿಲ್ಲಿಸಿದರು. ಆ ಪದದ ಮೇಲೆ ಬೆರಳಿಟ್ಟು ಪುಸ್ತಕವನ್ನು ಹೆಂಡತಿಯತ್ತ ತಿರುಗಿಸಿದರು. ಬೈದಿದ್ದರೆ ಚೆನ್ನಾಗಿತ್ತು.

“ಆ ಹುಡುಗಿಗೆ ನಾನು ಅದೆಲ್ಲ ಮನಸ್ಸು ಅಂದೆ ರೀ,” ಎಂದರು ಆಂಟಿ. ಕಣ್ಣೀರು ಬಂದದ್ದು ಆವಾಗ. “ಮಗು ಎತ್ಕೊಳ್ಳೋಕೆ ಕೈ ಬರ್ತಿಲ್ಲ ಅಂದ್ಲು. ಗಟ್ಟಿ ಮಾಡ್ಕೋ ಅಂದೆ. ಹೀಟರು ಹೇಳಿದ್ದೂ ಕೇಳಲಿಲ್ಲ, ಅವಳು ಹೇಳಿದ್ದೂ ಕೇಳಲಿಲ್ಲ.”

ಆ ಮನೆಯಿಂದ ಹೊರಡುವ ಮುಂಚೆ ಹೀಟರಿನ ಪುಸ್ತಕದಲ್ಲಿ 10, 11 ಎಂಬ ಅಂಕಿಗಳಿದ್ದ ಪುಟದ ಫೋಟೋವನ್ನು ಫೋನಿನಲ್ಲಿ ತೆಗೆದುಕೊಂಡಿದ್ದರು, ಯಾಕೆಂದು ಆಗ ತಿಳಿದಿರಲಿಲ್ಲ. ಈಗ ಗಂಡನ ಮುಂದೆ ಹಿಡಿದರು. ಕೇಶವ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದರು, ಇವರು ಬರೆದುಕೊಂಡರು. ಉರಿಯ ಚಿತ್ರ ನಿಂತಿದ್ದರೆ ನೀರು ಕಾಯುತ್ತಿದೆ. ನಲ್ಲಿ ನಿಲ್ಲಿಸಿದ ಮೇಲೂ ಉರಿಯ ಚಿತ್ರ ಉಳಿದರೆ ಕರೆಯಬೇಕು. 11 ಬಂದರೆ ಉರಿ ಹತ್ತಿಲ್ಲ, ಗ್ಯಾಸಿನ ತಿರುಪು ತೆರೆದಿದೆಯೇ ನೋಡಿ ಒಮ್ಮೆ ಆರಿಸಿ ಹಾಕಬಹುದು. ಮತ್ತೆ ಬಂದರೆ ಕರೆಯಬೇಕು. 10 ಬಂದರೆ ಒಮ್ಮೆಯೂ ಇಲ್ಲ. ಸ್ಪ್ಯಾನರಿನ ಚಿತ್ರ ಇದ್ದರೆ ಅದು ನಿನ್ನ ಕೆಲಸವಲ್ಲ, ಟೆಕ್ನಿಷಿಯನ್ನಿನದು.

“ಇಷ್ಟೇನಾ?” ಎಂದರು ಆಂಟಿ. ಹೀಟರ್ ಭಾಷೆ ಎಂದು ಊರೆಲ್ಲ ಹೊಗಳಿದ್ದು ಅರ್ಧ ಪುಟಕ್ಕೆ ಮುಗಿದುಹೋಗಿತ್ತು. ಯಾರನ್ನಾದರೂ ಒಂದು ಸಲ ಕೇಳಿದ್ದರೆ ಸಾಕಿತ್ತು.

ಭಾನುವಾರ ಬೆಳಗ್ಗೆ ಎಂಟಕ್ಕೇ ಸೆಂಗ್‌ಕಾಂಗ್‌ನ ಬಾಗಿಲು ತಟ್ಟಿದರು. ಬಾಗಿಲು ತೆರೆದವನು ನವನೀತ್.

“ಆಂಟಿ, ಇವತ್ತು ಎರೆಯೋದು ಬೇಡ ಅಂತ ಮೆಸೇಜ್ ಮಾಡಿದ್ದೆನಲ್ಲ.”

“ಎರೆಯೋಕೆ ಬಂದಿಲ್ಲಪ್ಪ. ಅಮ್ಮನ್ನ, ಸ್ಪಂದನಾನ್ನ ಕರಿ. ನೀನೂ ಕೂತ್ಕೋ.”

ಹಾಲಿನಲ್ಲಿ ಸರಳಾರ ಸೂಟ್‌ಕೇಸು ಬಾಯಿ ತೆರೆದು ಬಿದ್ದಿತ್ತು. ಆಂಟಿ ಕುರ್ಚಿಯಲ್ಲಿ ಕೂರಲಿಲ್ಲ. ನೋಟ್‌ಬುಕ್ ತೆಗೆದು ಹೊಸ ಪುಟ ಬಿಡಿಸಿ ಟೀಪಾಯಿಯ ಮೇಲಿಟ್ಟರು. ಹದಿಮೂರು ಸಾಲುಗಳಿದ್ದವು. ನೆನಪಿದ್ದ ತಾರೀಖು, ನೆನಪಿದ್ದಷ್ಟು ಹೊತ್ತು, ಪ್ರತಿ ಸಾಲಿನ ತುದಿಗೆ ‘ಪ್ರಭಾ’. ಎಲ್ಲಕ್ಕಿಂತ ಮೇಲೆ: ‘ಜಾಲರಿಗೆ ಹಾಳೆ ಹಚ್ಚಿದ್ದು ಪ್ರಭಾ.’

“ಸರಳಮ್ಮ ಹೇಳಿದ್ದು ಒಂದು ಕಿಟಕಿ ಮುಚ್ಚಿ ಅಂತ ಅಷ್ಟೇ,” ಎಂದರು. “ಮೇಲಿನ ಹಾಳೆ ನಾನು ತಂದು ಹಚ್ಚಿದ್ದು. ಹತ್ತು ಬಂದಾಗಲೆಲ್ಲ ಒತ್ತಿದ್ದೂ ನಾನು. ಪುಸ್ತಕ ಓದೋಕೆ ಬರಲ್ಲ ನನಗೆ. ಓದಿದ ಹಾಗೆ ಮಾಡಿದೆ. ನಿನ್ನೆ ಅಮ್ಮನ್ನ ಬೈದೆಯಲ್ಲ ನವನೀತ್, ಆವಾಗಲೂ ಇಲ್ಲೇ ನಿಂತು ಸುಮ್ಮನಿದ್ದೆ.”

ನವನೀತ್ ಸಾಲುಗಳನ್ನು ಮೇಲಿನಿಂದ ಕೆಳಗೆ ಓದಿದ, ಮತ್ತೆ ಓದಿದ. ಮೊದಲು ಬಾಯಿ ತೆರೆದವರು ಸರಳಾ.

“ಇನ್ನೆರಡು ಬರ್ಕೊಳಿ.”

“ಏನು?”

“ಹದಿನೈದು ಆಗಬೇಕು ಅದು. ಎರಡು ಸಂಜೆ ಪಾತ್ರೆ ತೊಳೆಯುವಾಗ ಬಂತು. ನೀವು ಒತ್ತೋದು ನೋಡಿದ್ನಲ್ಲ, ನಾನೂ ಒತ್ತಿದೆ. ನಾನು ಇಂಗ್ಲಿಷ್ ಓದ್ತೀನಿ ಪ್ರಭಾ, ಬಿ.ಎ. ಮಾಡಿದೀನಿ. ಆ ಪುಸ್ತಕ ಡ್ರಾಯರಿಂದ ತೆಗೀಲೂ ಇಲ್ಲ.” ಪೆನ್ನು ಕಸಿದುಕೊಂಡು ಎರಡು ಸಾಲು ತಾವೇ ಬರೆದು ಹೆಸರು ಹಾಕಿದರು, ದಸ್ತಾವೇಜಿಗೆ ಸಹಿ ಹಾಕುವಷ್ಟು ಗಂಭೀರವಾಗಿ.

ಸ್ಪಂದನಾ ಮಾತ್ರ ಪುಟವನ್ನು ನೋಡಲಿಲ್ಲ. ಆಂಟಿಯನ್ನು ನೋಡುತ್ತಿದ್ದಳು. ಮುಖ ಇನ್ನೂ ಬಿಳಿಚಿತ್ತು, ಆದರೆ ಕಣ್ಣು ನೆಟ್ಟಗಿದ್ದವು.

“ನನಗೆ ಕೈ ಹಿಡೀತಿಲ್ಲ ಅಂದಾಗ ನಿಮಗೆ ಗೊತ್ತಿತ್ತಾ ಆಂಟಿ?”

“ಇಲ್ಲ ಪುಟ್ಟ. ದೇವರಾಣೆ ಇಲ್ಲ. ಆದ್ರೆ ಗೊತ್ತಿಲ್ಲ ಅನ್ನಬೇಕಿತ್ತು. ಗೊತ್ತಿರೋ ಹಾಗೆ ಹೇಳಿಬಿಟ್ಟೆ.”

“ಎರಡು ವಾರ,” ಎಂದಳು ಸ್ಪಂದನಾ. ದನಿ ಏರಲಿಲ್ಲ. “ಎರಡು ವಾರ ನಾನು ತಾಯಿಯಾಗೋಕೇ ಲಾಯಕ್ಕಿಲ್ಲ ಅಂದ್ಕೊಂಡಿದ್ದೆ. ರಾತ್ರಿ ಫೋನಲ್ಲಿ ಹುಡುಕ್ತಿದ್ದೆ, ಮಗು ಕಂಡ್ರೆ ಭಯ ಆಗೋ ತಾಯಂದಿರು ಅಂತ.”

ಕ್ಷಮಿಸು ಎಂಬ ಮಾತು ಆಂಟಿಯ ಬಾಯಿಯವರೆಗೆ ಬಂದು, ಈ ಹುಡುಗಿಯ ಹೆಗಲಿಗೆ ಅದೊಂದು ಹೊಸ ಕೆಲಸ ಹೊರಿಸಿದಂತಾಗುತ್ತದೆ ಎನ್ನಿಸಿ ಹಿಂದೆ ಹೋಯಿತು. ನೋಟ್‌ಬುಕ್ಕಿನಿಂದ ಇನ್ನೊಂದು ಹಾಳೆ ತೆಗೆದರು. ಕೇಶವ ಹೇಳಿ ಬರೆಸಿದ್ದು, ಚಿತ್ರಗಳ ಸಮೇತ, ದೊಡ್ಡಕ್ಷರದಲ್ಲಿ. “ಇದನ್ನ ಪರದೆ ಪಕ್ಕ ಅಂಟಿಸಿ. ಕೆಳಗೆ ಜಾಗ ಬಿಟ್ಟಿದೀನಿ. ಯಾರೇ ಒತ್ತಿದ್ರೂ ಹೆಸರು ಬರೀಲಿ. ನಾನು ಹೊರಡ್ತೀನಿ.”

ಕೋಣೆಯಲ್ಲಿ ಪಾಪು ಎದ್ದು ಅಳತೊಡಗಿತು. ನವನೀತ್ ಎತ್ತಿಕೊಂಡು ಬಂದ. ತಾಯಿಯ ಮುಂದೆ ನಿಂತು, ಮಗುವಿನ ಬೆನ್ನು ತಟ್ಟುತ್ತ, ಅದಕ್ಕೇ ಹೇಳುವವನಂತೆ ಅಂದ: “ಟಿಕೆಟ್ ಕ್ಯಾನ್ಸಲ್ ಮಾಡ್ಲಾ ಅಮ್ಮ?”

“ಮಾಡು. ಹಳೇ ಕಾಲ ಅಂದ್ಯಲ್ಲ, ಅದನ್ನೂ ಜೊತೆಗೆ ಕ್ಯಾನ್ಸಲ್ ಮಾಡು.”

“ಮಾಡಿದೆ.”

“ಎಲ್ಲಿ? ನನಗೆ ಕೇಳಿಸಲೇ ಇಲ್ಲ.”

“ತಪ್ಪಾಯ್ತಮ್ಮ.”

ಆಂಟಿ ಬಾಗಿಲ ಹತ್ತಿರ ಹೋಗಿದ್ದರು. ಹಿಂದಿನಿಂದ ಸ್ಪಂದನಾ ಕರೆದಳು.

“ಆಂಟಿ, ಪಾಪುಗೆ ನಿನ್ನೆ ರಾತ್ರಿ ಎಣ್ಣೆ ಹಚ್ಚಿದ್ದು, ತಲೆ ಇನ್ನೂ ಜಿಡ್ಡು. ಟೆಕ್ನಿಷಿಯನ್ ಕಿಟಕಿ ತೆಗೆದಿಟ್ಟು ಬಳಸಬಹುದು ಅಂದಿದಾರೆ.” ಎದ್ದು ನಿಂತಳು. “ಆದ್ರೆ ನಾನೇ ಎರೀತೀನಿ. ನೀವು ಹೇಗೆ ಅಂತ ಹೇಳಿಕೊಡಿ.”

ಅದರಲ್ಲಿ ಎಷ್ಟು ಪಾಲು ಕ್ಷಮೆ, ಎಷ್ಟು ಪಾಲು ಇನ್ನು ನಿಮ್ಮ ಕೈಗೆ ಕೊಡಲಾರೆ ಎನ್ನುವುದು, ಆಂಟಿ ಅಳೆಯಲು ಹೋಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದರು.

ಹಿಂದಿನ ಕಿಟಕಿಗಳು ಅಗಲವಾಗಿ ತೆರೆದಿದ್ದವು. ಜಾಲರಿಯ ಸುತ್ತ ಕಂದು ಟೇಪಿನ ಅಂಟು ಚೌಕವಾಗಿ ಉಳಿದಿತ್ತು. ಮಳೆ ಮತ್ತೆ ಹಿಡಿದಿತ್ತು. ಬಚ್ಚಲಲ್ಲಿ ಸ್ಪಂದನಾ ಮಣೆಯ ಮೇಲೆ ಕಾಲು ಚಾಚಿ ಕೂತಳು. ಸರಳಾ ಪಾಪುವನ್ನು ಅವಳ ಕಾಲ ಮೇಲೆ ಮಲಗಿಸಿದರು.

“ಕತ್ತಿನ ಕೆಳಗೆ ಅಂಗೈ ಕೊಡು. ಬೆರಳಲ್ಲ, ಅಂಗೈ,” ಎಂದರು ಆಂಟಿ ಬಾಗಿಲಾಚೆಯಿಂದ. “ಚೊಂಬು ಮೇಲಿಂದ ಸುರೀಬೇಡ, ಬದಿಯಿಂದ ಬಗ್ಗಿಸು. ಹಾಂ. ಹಿಡಿತಾ ಇದೆಯಾ ಕೈ?”

ಒಳಗೆ ಚೊಂಬು ಬಗ್ಗಿ ನೀರು ಸುರಿದ ಸದ್ದಾಯಿತು.

“ಹಿಡೀತಿದೆ,” ಎಂದಳು ಸ್ಪಂದನಾ.

ಎರಚಲು ಬಂದು ಸೀರೆಯ ನೆರಿಗೆ ತೊಯ್ಯುತ್ತಿತ್ತು. ಆಂಟಿ ಕಿಟಕಿಯತ್ತ ಕೈ ಚಾಚಲಿಲ್ಲ. ಪರದೆಯ ಮುಂದೆ, ಅಂಟಿಸಿದ ಹಾಳೆಯ ಪಕ್ಕ, ಪೆನ್ನು ಹಿಡಿದುಕೊಂಡು ಉರಿಯ ಚಿತ್ರವನ್ನೇ ನೋಡುತ್ತ ನಿಂತರು, ಪಾಪುವಿಗೆ ಕೊನೆಯ ಚೊಂಬು ಎರೆದು ಮುಗಿಯುವವರೆಗೂ.